ಲಿಸ್ಬನ್‌ನ ಸಾರೋಟು ಮ್ಯೂಸಿಯಂ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರೋದು ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ, ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಇಲ್ಲಿ ಬೆಲೇಂ ಅನ್ನೋ ಜಾಗದಲ್ಲಿ ರಾಜರ ಕಾಲದ ಸಾರೋಟುಗಳ ಒಂದು ಮ್ಯೂಸಿಯಂ ಉಂಟು. ಅದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದ ಮೇಲೆ ಶುರುವಾದ ಪ್ರಶ್ನೆ ಇನ್ನೂ ನಿಂತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ಮಂಜೇಶ್ವರದ ತೇರಿನ ದಿನ ಕೇಳ್ತಾರೆ, ಕಾಲೇಜು ಮಕ್ಕಳು ಮೆಸೇಜು ಹಾಕಿ ಕೇಳ್ತಾರೆ. ಒಂದೇ ಉತ್ತರ ಎಷ್ಟು ಸಲ ಟೈಪ್ ಮಾಡೋದು ಅಂತ ಎಲ್ಲ ಒಂದು ಕಡೆ ಹಾಕಿದ್ದೇನೆ. ಪ್ರಶ್ನೆ ಕೇಳಿದವರ ಮಾತಲ್ಲೇ ಉಂಟು, ನಾನು ತಿದ್ದಲಿಲ್ಲ.

## ಮೊದಲು ಸಾಮಾನ್ಯ ಪ್ರಶ್ನೆಗಳು

ಅಲ್ಲಿ ಎಂತ ಉಂಟು ಮಾರ್ರೆ? ಬರೀ ಕುದುರೆಗಾಡಿ ನೋಡ್ಲಿಕ್ಕೆ ಟಿಕೆಟ್ ಬೇರೆ ಕೊಡ್ಬೇಕಾ?

ಕುದುರೆಗಾಡಿಯೇ, ಆದ್ರೆ ನಾವು ಜಟಕಾ ಅಂತ ಹೇಳ್ತೇವಲ್ಲ ಆ ಲೆಕ್ಕದ್ದಲ್ಲ. 16ನೇ ಶತಮಾನದ ಕೊನೆಯಿಂದ ಹಿಡಿದು 20ನೇ ಶತಮಾನದ ಶುರುವಿನವರೆಗೆ ಪೋರ್ಚುಗಲ್‌ನ ರಾಜಮನೆತನ, ಚರ್ಚಿನ ದೊಡ್ಡವರು, ಶ್ರೀಮಂತರು ಬಳಸಿದ ಗಾಡಿಗಳು. ಮೆರವಣಿಗೆಗೆ ಮಾತ್ರ ಅಂತ ಮಾಡಿದ ಭಾರೀ ಕೋಚು, ದೂರ ಪ್ರಯಾಣದ ಗಾಡಿ, ಬೇಟೆಗೆ ಹೋಗುವ ಹಗುರ ಗಾಡಿ, ರಾಜಕುಮಾರರು ಆಡ್ಲಿಕ್ಕೆ ಇಟ್ಕೊಂಡ ಪುಟ್ಟ ಗಾಡಿ, ಟಪಾಲು ಸಾಗಿಸಿದ ಗಾಡಿ, ಜೊತೆಗೆ ಜೀನು, ಲಗಾಮು, ಸೇವಕರ ಸಮವಸ್ತ್ರ. ಅತಿ ಹಳೇದು ಅಂದ್ರೆ ಎರಡನೇ ಫಿಲಿಪ್ ರಾಜನ ಗಾಡಿ. ಪೋರ್ಚುಗಲ್ ಆಗ ಸ್ಪೇನ್ ರಾಜರ ಕೈಯಲ್ಲಿತ್ತು (1580ರಿಂದ 1640ರವರೆಗೆ), ಸ್ಪೇನ್‌ಗೆ ಮೂರನೇ ಫಿಲಿಪ್ ಆದವನೇ ಇಲ್ಲಿಗೆ ಎರಡನೇ ಫಿಲಿಪ್, ಅವನು 1619ರಲ್ಲಿ ಇಲ್ಲಿಗೆ ಬರುವಾಗ ಬಳಸಿದ್ದು ಇದು. ಹೊರಗಿಂದ ಕಪ್ಪು ಚರ್ಮ ಹೊದೆಸಿದ ಡಬ್ಬಿ, ಒಳಗೆ ಇಣುಕಿದ್ರೆ ಕೆಂಪು, ಚಿನ್ನದ ಬಣ್ಣದ ಬಟ್ಟೆಯ ವೈಭವ. ಟಿಕೆಟಿನ ದುಡ್ಡು ಇದೊಂದಕ್ಕೇ ವಸೂಲಾಗ್ತದೆ ಅಂತ ನನ್ನ ಲೆಕ್ಕ.

ಅದು ಅಷ್ಟು ಹೊಳೀತದಲ್ಲ, ಗಟ್ಟಿ ಚಿನ್ನವಾ?

ಅಲ್ಲ. ಮರವನ್ನು ಕೆತ್ತಿ ಅದರ ಮೇಲೆ ಚಿನ್ನದ ತೆಳು ರೇಕು ಅಂಟಿಸಿದ್ದು. ಗಟ್ಟಿ ಚಿನ್ನದ ಗಾಡಿ ಮಾಡಿದ್ರೆ ಎಳೆಯುವ ಕುದುರೆ ಅಲ್ಲೇ ಮಲಗ್ತಿತ್ತು, ಅಚ್ಚು ಕೂಡ ತಾಳ್ತಿರಲಿಲ್ಲ. ಬಾಗಿಲು, ಬದಿಯ ಹಲಗೆ ಮೇಲೆಲ್ಲ ಚಿತ್ರ ಬರೆದಿರ್ತಾರೆ, ಒಳಗೆ ವೆಲ್ವೆಟ್, ರೇಷ್ಮೆ, ಜರಿ. ಭಾರ ಹೊರುವ ಜಾಗದಲ್ಲಿ ಮಾತ್ರ ಕಬ್ಬಿಣ, ಗಟ್ಟಿ ಮರ, ದಪ್ಪ ಚರ್ಮದ ಪಟ್ಟಿ. ಮೈಸೂರಿನ ಅಂಬಾರಿ ಕೂಡ ಮರದ ಚೌಕಟ್ಟಿನ ಮೇಲೆ ಚಿನ್ನದ ಹೊದಿಕೆ ಹಾಕಿದ್ದೇ ಅಲ್ವಾ, ಆದ್ರೆ ಅದರಲ್ಲಿರುವ ಚಿನ್ನದ ತೂಕ ಈ ರೇಕಿಗಿಂತ ಎಷ್ಟೋ ಪಾಲು ಜಾಸ್ತಿ.

ಈ ಮ್ಯೂಸಿಯಂ ಮಾಡಿದ್ದು ಯಾರು, ರಾಜರನ್ನು ಓಡಿಸಿದ ಮೇಲೆ ಸರ್ಕಾರ ಮಾಡಿದ್ದಾ?

ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಮಾಡಿದ್ದು ರಾಣಿಯೇ. ಮೊದಲನೇ ಕಾರ್ಲೊಸ್ ರಾಜನ ಹೆಂಡತಿ ರಾಣಿ ಅಮೇಲಿಯಾ, ಫ್ರಾನ್ಸಿನ ರಾಜವಂಶದ ಹೆಣ್ಣು. ಕಾರು ಬರ್ಲಿಕ್ಕೆ ಶುರುವಾದ ಕಾಲ ಅದು, ಹಳೇ ಗಾಡಿಗಳು ಅರಮನೆಗಳ ಲಾಯದಲ್ಲಿ ಮೂಲೆ ಸೇರಿ ಹಾಳಾಗ್ತಿದ್ವು. ಅದನ್ನೆಲ್ಲ ಒಟ್ಟು ಮಾಡಿ ಬೆಲೇಂ ಅರಮನೆಯ ಕುದುರೆ ಸವಾರಿ ಶಾಲೆಯಲ್ಲಿ ಇಟ್ಟು 1905ರ ಮೇ 23ಕ್ಕೆ ಜನರಿಗೆ ತೆರೆದ್ರು. ಐದು ವರ್ಷ ಕಳೆದು 1910ರ ಅಕ್ಟೋಬರದಲ್ಲಿ ಕ್ರಾಂತಿ ಆಗಿ ರಾಜಪ್ರಭುತ್ವವೇ ಹೋಯ್ತು, ರಾಣಿ ದೇಶ ಬಿಟ್ಟು ಹೋಗ್ಬೇಕಾಯ್ತು. ಹೊಸ ಸರ್ಕಾರ ಮ್ಯೂಸಿಯಂ ಮುಚ್ಚಲಿಲ್ಲ, ಉಲ್ಟಾ ರಾಷ್ಟ್ರೀಯ ಮ್ಯೂಸಿಯಂ ಅಂತ ಮಾಡಿ ಚರ್ಚಿನ, ಅರಮನೆಯ ಇನ್ನಷ್ಟು ಗಾಡಿ ತಂದು ಸೇರಿಸಿತು. ನನಗೆ ಈ ಸಂಗತಿ ತುಂಬ ಇಷ್ಟ, ರಾಜರ ಮೇಲೆ ಸಿಟ್ಟಿದ್ದವರಿಗೂ ರಾಜರ ಗಾಡಿಯ ಮೇಲೆ ಸಿಟ್ಟಿರಲಿಲ್ಲ.

ಹಳೇ ಕಟ್ಟಡ, ಹೊಸ ಕಟ್ಟಡ ಅಂತ ಎರಡು ಉಂಟಂತೆ. ಯಾವುದಕ್ಕೆ ಹೋಗ್ಬೇಕು?

ಒಂದೇ ಆಗ್ತದೆ ಅಂತಾದ್ರೆ ಹೊಸದಕ್ಕೆ. ಹೆಚ್ಚಿನ ಗಾಡಿ ಅಲ್ಲೇ ಇರೋದು. 2015ರ ಮೇ 23ಕ್ಕೆ ತೆರೆದದ್ದು (ಅದೇ ತಾರೀಕು, ನೋಡಿ), ಕಟ್ಟಿದ್ದು ಬ್ರೆಜಿಲ್‌ನ ಪಾವ್ಲೊ ಮೆಂಡೆಸ್ ದ ರೋಶಾ ಅನ್ನೋ ದೊಡ್ಡ ಆರ್ಕಿಟೆಕ್ಟ್, 2006ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ (ಆರ್ಕಿಟೆಕ್ಟುಗಳಿಗೆ ಕೊಡುವ ದೊಡ್ಡ ಪ್ರಶಸ್ತಿ) ಸಿಕ್ಕಿದವರು. ಬಿಳಿ ಗೋಡೆಯ ಭಾರೀ ಹಾಲ್, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದು. ಇಲ್ಲಿನ ಜನ ಅದನ್ನು ಗೋಡೌನು ಅಂತ ಬೈಯ್ತಾರೆ, ಬೈಗುಳದಲ್ಲಿ ಸತ್ಯವೂ ಉಂಟು. ಹಳೇದು ರಸ್ತೆ ದಾಟಿದ್ರೆ ಆಚೆ ಬದಿ, ಅರಮನೆಗೆ ತಾಗಿಕೊಂಡೇ. 1787ರಲ್ಲಿ ಕಟ್ಟಲಿಕ್ಕೆ ಶುರು ಮಾಡಿದ ಸವಾರಿ ಶಾಲೆ, ಸುಮಾರು 50 ಮೀಟರ್ ಉದ್ದ, 17 ಮೀಟರ್ ಅಗಲ, ಚಾವಣಿ ತುಂಬ ಚಿತ್ರ, ಮೇಲೆ ರಾಜಕುಟುಂಬ ನಿಂತು ಸವಾರಿ ನೋಡ್ತಿದ್ದ ಬಾಲ್ಕನಿ. ಅಲ್ಲೂ ಕೆಲವು ಗಾಡಿ ಇಟ್ಟಿದ್ದಾರೆ. ಕಣ್ಣಿಗೆ ಚಂದ ಅಂದ್ರೆ ಹಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗಾಡಿ ಹೇಗೆ ಕೆಲಸ ಮಾಡ್ತದೆ ಅಂತ ತಿಳ್ಕೊಳ್ಳಲಿಕ್ಕೆ ಗೋಡೌನೇ ಸರಿ, ಸುತ್ತ ಜಾಗ ಉಂಟು, ಬೆಳಕು ಉಂಟು, ಬಗ್ಗಿ ಕೆಳಗೆ ನೋಡ್ಬಹುದು.

ಅಪ್ಪ ಅಮ್ಮನನ್ನು ಕರ್ಕೊಂಡು ಬಂದ್ರೆ ನಡೀಲಿಕ್ಕೆ ಕಷ್ಟ ಆಗ್ತದಾ? ಊಟಕ್ಕೆ ಎಂತ ಮಾಡೋದು?

ಲಿಸ್ಬನ್ ಇಡೀ ಗುಡ್ಡ, ಆದ್ರೆ ಬೆಲೇಂ ನದಿ ಬದಿಯ ಸಮತಟ್ಟು ಜಾಗ, ಮೊಣಕಾಲು ನೋವಿನವರಿಗೂ ಆಗ್ತದೆ. 15ನೇ ನಂಬರಿನ ಟ್ರಾಮ್ ಹತ್ತಿರವೇ ನಿಲ್ತದೆ, ಕಾಯ್ಸ್ ದು ಸೊದ್ರೇ ಸ್ಟೇಷನ್ನಿಂದ ಬೆಲೇಂಗೆ ಲೋಕಲ್ ರೈಲೂ ಉಂಟು. ಹೊಸ ಕಟ್ಟಡದಲ್ಲಿ ಲಿಫ್ಟ್ ಉಂಟು. ಸೋಮವಾರ ರಜೆ, ಇದನ್ನು ನೋಡದೆ ಬಂದು ಬಾಗಿಲು ನೋಡಿ ವಾಪಸ್ ಹೋದವರು ತುಂಬ ಜನ. ವಾಸ್ಕೋ ಡ ಗಾಮನ ಸಮಾಧಿ ಇರುವ ಜೆರೊನಿಮೋಸ್ ಮಠ ಕೂಡ ಅಲ್ಲೇ ನಡೆದು ಹೋಗುವಷ್ಟು ದೂರ, ಹಾಗಾಗಿ ಒಂದು ದಿನದಲ್ಲಿ ಎರಡೂ ಆಗ್ತದೆ. ಊಟಕ್ಕೆ ಸೂಪು, ಬ್ರೆಡ್ಡು, ಸಲಾಡ್, ಅನ್ನ ಸಿಗ್ತದೆ, ಮೀನು ಮಾಂಸ ಹಾಕಿದ್ದೀರಾ ಅಂತ ಕೇಳಿಯೇ ತಕ್ಕೊಳ್ಳಿ. 1837ರಿಂದ ಮಾಡ್ತಿರುವ ಅಲ್ಲಿನ ಪ್ರಸಿದ್ಧ ಕಸ್ಟರ್ಡ್ ತಿಂಡಿಯಲ್ಲಿ ಮೊಟ್ಟೆಯ ಹಳದಿ ಉಂಟು, ಅಜ್ಜಿಗೆ ಕೊಡುವ ಮೊದಲು ಹೇಳಿಬಿಡಿ, ತಿಂದ ಮೇಲೆ ಹೇಳಿದ್ರೆ ಊರಿಗೆ ಹೋಗುವವರೆಗೂ ಅದೇ ಮಾತು.

## ಗಾಡಿ ನೋಡೋದು ಹೇಗೆ

ಎಲ್ಲ ಗಾಡಿ ಒಂದೇ ಥರ ಕಾಣ್ತದೆ, ನಾಲ್ಕು ನೋಡಿದ ಮೇಲೆ ಬೋರು. ಎಲ್ಲಿಂದ ನೋಡ್ಲಿಕ್ಕೆ ಶುರು ಮಾಡೋದು?

ಕೆಳಗಿಂದ. ಮೇಲಿನ ಕೆತ್ತನೆ ನೋಡ್ತಾ ಹೋದ್ರೆ ಖಂಡಿತ ಬೋರಾಗ್ತದೆ, ದೇವತೆ, ಹೂಬಳ್ಳಿ, ಮಕ್ಕಳು, ಮತ್ತೆ ದೇವತೆ. ನೀವು ಮಂಡಿ ಬಗ್ಗಿಸಿ ಕೂತು ಚಕ್ರದ ಮಟ್ಟಕ್ಕೆ ಕಣ್ಣು ತನ್ನಿ. ಮೊದಲು ನೋಡ್ಬೇಕಾದ್ದು ಕೂರುವ ಡಬ್ಬಿ ಯಾವುದರ ಮೇಲೆ ನಿಂತಿದೆ ಅಂತ. ಹಳೇ ಗಾಡಿಗಳಲ್ಲಿ ಅದು ನಿಂತೇ ಇಲ್ಲ, ತೊಟ್ಟಿಲಿನ ಹಾಗೆ ನೇತಾಡ್ತಾ ಉಂಟು, ನಾಲ್ಕು ಮೂಲೆಯ ಕಂಬದಿಂದ ದಪ್ಪ ಚರ್ಮದ ಪಟ್ಟಿ ಕಟ್ಟಿ ತೂಗು ಹಾಕಿದ್ದು. ಆ ಪಟ್ಟಿಗೆ ಬಕಲ್ ಇರ್ತದೆ, ಚರ್ಮ ಎಳೆದು ಉದ್ದ ಆದ ಹಾಗೆ ಬಿಗಿ ಮಾಡ್ಲಿಕ್ಕೆ. ಆಮೇಲಿನ ಕಾಲದ ಗಾಡಿಗೆ ಬಂದ್ರೆ ಕಂಬದ ಜಾಗದಲ್ಲಿ ಬಗ್ಗಿದ ಉಕ್ಕಿನ ಸ್ಪ್ರಿಂಗ್ ಬರ್ತದೆ, ಇನ್ನೂ ಮುಂದೆ ಹೋದ್ರೆ ಡಬ್ಬಿ ನೇರ ಅಚ್ಚಿನ ಮೇಲಿನ ಸ್ಪ್ರಿಂಗ್ ಮೇಲೆ ಕೂರ್ತದೆ. 1804ರಲ್ಲಿ ಇಂಗ್ಲೆಂಡಿನ ಒಬಡಾಯಾ ಎಲಿಯಟ್ ಅನ್ನುವವನು ಬಿಲ್ಲಿನಾಕಾರದ ಎರಡು ಪಟ್ಟಿ ಮುಖಾಮುಖಿ ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ತಕ್ಕೊಂಡ, ಅದು ಬಂದ ಮೇಲೆ ಗಾಡಿಯ ಅಡಿಯಲ್ಲಿ ಉದ್ದಕ್ಕೂ ಹಾಕ್ತಿದ್ದ ದಪ್ಪ ತೊಲೆಯ ಅಗತ್ಯವೇ ತಪ್ಪಿತು, ಗಾಡಿ ಹಗುರ ಆಯ್ತು, ತಗ್ಗಾಯ್ತು. ನಮ್ಮ ಜೀಪಿನ, ಲಾರಿಯ ಅಡಿಯಲ್ಲಿ ಈಗಲೂ ಇರುವ ಪಟ್ಟಿ ಸ್ಪ್ರಿಂಗ್ ಅದೇ ಸಂತಾನ. ಈ ಒಂದು ವಿಷಯ ಹಿಡ್ಕೊಂಡು ಹಾಲ್ ಸುತ್ತಿದ್ರೆ ಯಾವ ಗಾಡಿ ಮೊದಲು, ಯಾವುದು ಆಮೇಲೆ ಅಂತ ಬೋರ್ಡು ಓದದೇ ಹೇಳ್ಬಹುದು.

ನಮ್ಮ ದೇವಸ್ಥಾನದ ತೇರಿಗೂ ಇದಕ್ಕೂ ಎಂತ ವ್ಯತ್ಯಾಸ? ಎರಡೂ ಮೆರವಣಿಗೆ ಗಾಡಿಯೇ ಅಲ್ವಾ?

ಮೆರವಣಿಗೆ ಹೌದು, ಕೆತ್ತನೆ ಹೌದು, ಜನ ಸೇರೋದೂ ಹೌದು. ದೊಡ್ಡ ವ್ಯತ್ಯಾಸ ತಿರುಗೋದರಲ್ಲಿ. ತೇರಿನ ಅಚ್ಚು ಅಲ್ಲಾಡದ ಹಾಗೆ ಕೂರಿಸಿದ್ದು, ಅದು ನೇರ ಮಾತ್ರ ಹೋಗ್ತದೆ. ತಿರುಗಿಸ್ಬೇಕಾದ್ರೆ ಚಕ್ರದ ಅಡಿಗೆ ಮರದ ತುಂಡು ಕೊಟ್ಟು ಕೊಟ್ಟು ಸ್ವಲ್ಪ ಸ್ವಲ್ಪವೇ ದಿಕ್ಕು ಬದಲಿಸ್ತಾರೆ, ಮಂಜೇಶ್ವರದ ಷಷ್ಠಿ ತೇರಿನ ದಿನ ಹಗ್ಗ ಹಿಡಿದವರನ್ನು ಬಿಟ್ಟು ಆ ಮರದ ತುಂಡು ಹಿಡ್ಕೊಂಡು ಚಕ್ರದ ಬದಿಯಲ್ಲೇ ಓಡುವವರನ್ನು ನೋಡಿ, ನಿಜವಾದ ಡ್ರೈವರು ಅವರೇ. ಸಾರೋಟಿನಲ್ಲಿ ಮುಂದಿನ ಅಚ್ಚು ಒಂದು ದಪ್ಪ ಕೀಲಿನ ಸುತ್ತ ತಿರುಗ್ತದೆ. ಕುದುರೆ ಎಡಕ್ಕೆ ತಿರುಗಿದ್ರೆ ಮುಂದಿನ ಚಕ್ರ ಎರಡೂ ಎಡಕ್ಕೆ. ಇದು ಯುರೋಪಿನಲ್ಲೂ ಎಲ್ಲ ಗಾಡಿಗೂ ಮೊದಲಿಂದ ಇರಲಿಲ್ಲ. ಮಾಸ್ಕೋದ ಕ್ರೆಮ್ಲಿನ್ ಸಂಗ್ರಹದಲ್ಲಿ ಇಂಗ್ಲೆಂಡಿನ ಮೊದಲನೇ ಜೇಮ್ಸ್ ರಾಜ ರಷ್ಯಾದ ದೊರೆ ಬೊರಿಸ್ ಗೊಡುನೊವ್‌ಗೆ ಉಡುಗೊರೆ ಕೊಟ್ಟ ಗಾಡಿ ಒಂದುಂಟು, 17ನೇ ಶತಮಾನದ ಶುರುವಿನದ್ದು, ಅದಕ್ಕೆ ತಿರುಗುವ ವ್ಯವಸ್ಥೆಯೇ ಇಲ್ಲ, ರಸ್ತೆ ತಿರುಗಿದಲ್ಲಿ ಆಳುಗಳು ಹಿಂದಿನ ಭಾಗ ಎತ್ತಿ ತಿರುಗಿಸ್ಬೇಕಿತ್ತು. ಅದರ ಮುಂದೆ ನಮ್ಮ ತೇರಿನವರ ಉಪಾಯ ಎಷ್ಟೋ ಮೇಲು.

ಮುಂದಿನ ಚಕ್ರ ಸಣ್ಣದು, ಹಿಂದಿನದ್ದು ದೊಡ್ಡದು, ಯಾಕೆ ಹಾಗೆ?

ಈಗ ಹೇಳಿದ ತಿರುವಿನ ಕಾರಣಕ್ಕೇ. ಚಕ್ರ ದೊಡ್ಡದಾದಷ್ಟೂ ಗುಂಡಿ ಸುಲಭ ದಾಟ್ತದೆ, ಎಳೀಲಿಕ್ಕೆ ಹಗುರ, ಹಾಗಾಗಿ ಹಿಂದಿನದ್ದನ್ನು ಆದಷ್ಟು ದೊಡ್ಡದು ಮಾಡ್ತಾರೆ. ಮುಂದಿನದ್ದು ತಿರುಗುವಾಗ ಗಾಡಿಯ ಮೈಗೆ ತಾಗಬಾರದು, ಅದಕ್ಕೆ ಸಣ್ಣದು. ಕೆಲವು ಗಾಡಿಯಲ್ಲಿ ಅಡಿಯ ತೊಲೆ ಮುಂದೆ ಬರುವಾಗ ಕೊಕ್ಕರೆ ಕತ್ತಿನ ಹಾಗೆ ಮೇಲಕ್ಕೆ ಬಗ್ಗಿರ್ತದೆ, ಚಕ್ರ ಅದರ ಅಡಿಯಿಂದ ನುಸುಳಿ ತಿರುಗಲಿ ಅಂತ. ಇದು ಅಲಂಕಾರ ಅಂತ ಫೋಟೋ ತೆಗ್ದು ಹೋಗ್ತಾರೆ ಜನ.

ಒಳಗೆ ಕೂತವರಿಗೆ ಸುಖ ಇತ್ತಾ?

ಇರಲಿಲ್ಲ. ಪಟ್ಟಿಯಲ್ಲಿ ನೇತಾಡುವ ಡಬ್ಬಿ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಓಲಾಡ್ತದೆ, ಕಲ್ಲು ಹಾಸಿದ ರಸ್ತೆಯಲ್ಲಿ ಕೇಳೋದೇ ಬೇಡ. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ವಾಂತಿ ಮಾಡಿದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಲಂಡನ್ನಿನ ಚಿನ್ನದ ರಾಜಸಾರೋಟು ಉಂಟಲ್ಲ, 1762ರದ್ದು, ಸುಮಾರು 4 ಟನ್ ತೂಕ, ಎಂಟು ಕುದುರೆ ಕಟ್ಟಿದ್ರೂ ನಡಿಗೆಯ ವೇಗ ಮಾತ್ರ, ಅದರಲ್ಲಿ ಹೋಗೋದು ಭಯಂಕರ ಹಿಂಸೆ ಅಂತ ಎರಡನೇ ಎಲಿಜಬೆತ್ ರಾಣಿಯೇ ಟೀವಿಯಲ್ಲಿ ಹೇಳಿದ್ದಾರೆ. ಮೊದಲು ಕಿಟಕಿಗೆ ಗಾಜೂ ಇರಲಿಲ್ಲ, ಚರ್ಮದ ಪರದೆ ಅಷ್ಟೇ, ಧೂಳು, ಚಳಿ ಎಲ್ಲ ಒಳಗೆ. 17ನೇ ಶತಮಾನದ ಕೊನೆಗೆ ಬರ್ಲಿನ್ ಕಡೆಯಿಂದ ಬಂದ ಮಾದರಿಯಲ್ಲಿ ಅಡಿಯಲ್ಲಿ ಒಂದು ದಪ್ಪ ತೊಲೆಯ ಬದಲು ಎರಡು ತೆಳು ತೊಲೆ ಹಾಕಿದ್ರು, ಗಾಡಿ ಮಗುಚೋದು ಕಮ್ಮಿ ಆಯ್ತು, ಓಲಾಟವೂ ಸ್ವಲ್ಪ ಕಮ್ಮಿ. ಮ್ಯೂಸಿಯಂನಲ್ಲಿ ಈ ಮಾದರಿಯವು ಬೇಕಾದಷ್ಟು ಉಂಟು.

ಓಡಿಸುವವ ಎಲ್ಲಿ ಕೂರ್ತಿದ್ದ? ಕುದುರೆ ಎಷ್ಟು?

ಕೆಲವದರಲ್ಲಿ ಮುಂದೆ ಎತ್ತರದ ಪೀಠ, ಕೆಲವದರಲ್ಲಿ ಪೀಠವೇ ಇಲ್ಲ, ಎಡಗಡೆಯ ಕುದುರೆಯ ಬೆನ್ನ ಮೇಲೆ ಕೂತೇ ಜೋಡಿಯನ್ನು ನಡೆಸ್ತಿದ್ರು. ದೊಡ್ಡ ಕೋಚಿಗೆ ಆರೋ ಎಂಟೋ ಕುದುರೆ. ಪೋರ್ಚುಗಲ್‌ನ ರಾಜರು ಕುದುರೆ ಸಾಕ್ಲಿಕ್ಕೆ ಅಂತಲೇ 1748ರಲ್ಲಿ ಆಲ್ತೆರ್ ಅನ್ನೋ ಊರಲ್ಲಿ ತಳಿ ಕೇಂದ್ರ ಮಾಡಿದ್ರು, ಅದು ಈಗಲೂ ನಡೀತಾ ಉಂಟು.

ಪಲ್ಲಕ್ಕಿ, ಮೇನೆ ಎಲ್ಲ ಅಲ್ಲೂ ಇತ್ತಾ?

ಇತ್ತು. ಇಬ್ಬರು ಆಳು ಹೊರುವ ಕುರ್ಚಿಪೆಟ್ಟಿಗೆ, ಬಾಗಿಲು ಕಿಟಕಿ ಸಮೇತ. ಅದಕ್ಕಿಂತ ವಿಚಿತ್ರ ಅಂದ್ರೆ ಎರಡು ಹೇಸರಗತ್ತೆ ಹೊರುವ ಮೇನೆ, ಒಂದು ಮುಂದೆ ಒಂದು ಹಿಂದೆ, ನಡುವೆ ಪೆಟ್ಟಿಗೆ, ಒಳಗೆ ಎದುರುಬದುರು ಕೂರ್ಲಿಕ್ಕೆ ಇಬ್ಬರಿಗೆ ಜಾಗ. ಚಕ್ರ ಹೋಗದ ಗುಡ್ಡದ ದಾರಿಗೆ ಇದೇ ಗತಿ. ಹಿಂದಿನ ಹೇಸರಗತ್ತೆಗೆ ಪೆಟ್ಟಿಗೆ ಬಿಟ್ಟು ಬೇರೆ ಏನೂ ಕಾಣ್ತಿರಲಿಲ್ಲ, ಪಾಪ.

## ಸ್ವಲ್ಪ ಆಳಕ್ಕೆ

ಪೋಪನ ಹತ್ತಿರ ಹೋದ ಮೂರು ಗಾಡಿ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಎಂತ ಕತೆ?

ಮ್ಯೂಸಿಯಂನ ಜೀವ ಇದು. ಐದನೇ ಜೊವಾಂವ್ ಅಂತ ಒಬ್ಬ ರಾಜ, 1706ರಿಂದ 1750ರವರೆಗೆ ಆಳಿದವನು, ಕೈಯಲ್ಲಿ ದುಡ್ಡು ಇತ್ತು, ದುಡ್ಡಿಗಿಂತ ಜಾಸ್ತಿ ಹಠ ಇತ್ತು, ಯುರೋಪಿನ ದೊಡ್ಡ ರಾಜರ ಸಾಲಲ್ಲಿ ತನ್ನನ್ನೂ ಲೆಕ್ಕ ಹಾಕ್ಬೇಕು ಅಂತ. ರೋಮಿನಲ್ಲಿದ್ದ ಹನ್ನೊಂದನೇ ಕ್ಲೆಮೆಂಟ್ ಪೋಪನಿಗೆ ಮಾರ್ಕ್ವಿಸ್ ಆಫ್ ಫಾಂಟೆಸ್ ಅನ್ನುವವನನ್ನು ರಾಯಭಾರಿ ಮಾಡಿ ಕಳಿಸಿದ. 1716ರ ಜುಲೈಯಲ್ಲಿ ರೋಮಿನ ಬೀದಿಯಲ್ಲಿ ಮೆರವಣಿಗೆ ಆಯ್ತು, ಅದಕ್ಕೇ ಅಂತ ರೋಮಿನಲ್ಲೇ ಮಾಡಿಸಿದ ಸಾರೋಟುಗಳಲ್ಲಿ ಮೂರು ಈಗ ಇಲ್ಲಿ ಸಾಲಾಗಿ ನಿಂತಿವೆ. ಸಾಗರಗಳ ಕೋಚು, ಲಿಸ್ಬನ್ ಕಿರೀಟಧಾರಣೆಯ ಕೋಚು, ರಾಯಭಾರಿಯ ಕೋಚು. ಅದೇ ವರ್ಷ ಪೋಪ್ ಲಿಸ್ಬನ್‌ಗೆ ಪೇಟ್ರಿಯಾರ್ಕ್ ಪದವಿ (ಬಿಷಪ್ಪರಲ್ಲೇ ತುಂಬ ದೊಡ್ಡ ಸ್ಥಾನ) ಕೊಟ್ಟ, ಅಂದ್ರೆ ರಾಜನ ಖರ್ಚಿಗೆ ಫಲ ಸಿಕ್ಕಿತು ಅಂತಲೇ ಹೇಳ್ಬೇಕು.

ಈ ಮೂರನ್ನು ಮುಂದಿನಿಂದ ನೋಡಿದ್ರೆ ಅರ್ಧ ನೋಡಿದ ಹಾಗೆ. ಹಿಂದೆ ಹೋಗಿ. ಆಳೆತ್ತರದ ಶಿಲ್ಪ ಎಲ್ಲ ಹಿಂಭಾಗದಲ್ಲಿ ಕೂರಿಸಿದ್ದಾರೆ. ಮೆರವಣಿಗೆಯಲ್ಲಿ ಗಾಡಿ ಎದುರಿಂದ ಬರುವಾಗ ಕುದುರೆಗಳೇ ಅಡ್ಡ, ದಾಟಿ ಹೋದ ಮೇಲೆ ಜನರ ಕಣ್ಣಿಗೆ ತುಂಬ ಹೊತ್ತು ಉಳಿಯೋದು ಬೆನ್ನು, ಹಾಗಾಗಿ ಹೇಳ್ಬೇಕಾದ್ದನ್ನೆಲ್ಲ ಬೆನ್ನ ಮೇಲೆ ಹೇಳಿದ್ದಾರೆ ಅಂತ ನನಗೆ ಕಾಣ್ತದೆ. ಸಾಗರಗಳ ಕೋಚಿನ ಹಿಂದೆ ನಡುವಲ್ಲಿ ಗ್ರೀಕರ ಸೂರ್ಯದೇವ ಅಪೊಲೊ, ಕೆಳಗೆ ಗಡ್ಡದ ಇಬ್ಬರು ಮುದುಕರು ಕೈ ಕುಲುಕ್ತಿದ್ದಾರೆ. ಒಬ್ಬ ಅಟ್ಲಾಂಟಿಕ್ ಸಾಗರ, ಇನ್ನೊಬ್ಬ ಹಿಂದೂ ಮಹಾಸಾಗರ. ಆಫ್ರಿಕಾದ ತುದಿ ಸುತ್ತಿ ಎರಡು ಸಮುದ್ರವನ್ನು ಜೋಡಿಸಿದವರು ನಾವು ಅಂತ ಪೋರ್ಚುಗೀಸರು ಪೋಪನಿಗೆ ಹೇಳ್ತಿರೋದು. ಬೇಕಲದ ಕೋಟೆ ಮೇಲೆ ನಿಂತ್ರೆ ಕಾಣುವ ನೀರು ಆ ಎರಡನೇ ಮುದುಕನದ್ದೇ ಮನೆ.

ನಮ್ಮ ಕಡೆಗೂ ಪೋರ್ಚುಗೀಸರು ಬಂದಿದ್ರಲ್ಲ. ನಮ್ಮ ಕಾಳುಮೆಣಸಿನ ದುಡ್ಡಲ್ಲಿ ಮಾಡಿದ ಗಾಡಿಯಾ ಅದು?

ಸಿಟ್ಟು ಸರಿ ಉಂಟು, ಲೆಕ್ಕ ಸ್ವಲ್ಪ ತಪ್ಪುಂಟು. ಮೆಣಸಿನ ದುಡ್ಡು ಅವರನ್ನು ಎಬ್ಬಿಸಿ ನಿಲ್ಲಿಸಿದ್ದು 16ನೇ ಶತಮಾನದಲ್ಲಿ. ಆ ಕಾಲದ ಪೋರ್ಚುಗೀಸ್ ಬರಹದಲ್ಲಿ ನಮ್ಮ ಕುಂಬಳೆ ಕಡೆಯಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರ್ತಿದ್ದ ವಿಷಯವೂ ಉಂಟು, ಅಂದ್ರೆ ಕರಾವಳಿಯ ಯಾವ ಬಂದರಲ್ಲಿ ಎಂತ ಸಿಗ್ತದೆ ಅಂತ ಪೂರ್ತಿ ಗೊತ್ತಿತ್ತು ಅವರಿಗೆ. ಆದ್ರೆ 1716 ಬರುವಾಗ ಆಟ ಬದಲಾಗಿತ್ತು. 1663ರಲ್ಲಿ ಡಚ್ಚರು ಕೊಚ್ಚಿ, ಕಣ್ಣೂರು ಎರಡನ್ನೂ ಕಿತ್ಕೊಂಡಿದ್ರು, ಕನ್ನಡ ಕರಾವಳಿಯಲ್ಲಿ ಕೆಳದಿಯವರು ಅವರ ಕೋಟೆಗಳನ್ನು ಖಾಲಿ ಮಾಡಿಸಿದ್ರು, ಗೋವೆಯೂ ಮೊದಲಿನ ಗೋವೆ ಆಗಿರಲಿಲ್ಲ. ಜೊವಾಂವ್ ರಾಜನ ಕೈಗೆ ಬಂದದ್ದು ಬ್ರೆಜಿಲ್‌ನ ಚಿನ್ನ. 1690ರ ದಶಕದಲ್ಲಿ ಅಲ್ಲಿನ ಮಿನಾಸ್ ಜೆರಾಯಿಸ್‌ನಲ್ಲಿ ಚಿನ್ನ ಸಿಕ್ಕಿತು, ತೆಗೆದದ್ದರಲ್ಲಿ ಐದನೇ ಒಂದು ಪಾಲು ರಾಜನಿಗೆ, ಅಗೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

ಗಾಡಿಯೇ ಇದನ್ನು ಮುಚ್ಚಿಡೋದಿಲ್ಲ. ಲಿಸ್ಬನ್ ಕಿರೀಟಧಾರಣೆಯ ಕೋಚಿನ ಹಿಂದೆ ಲಿಸ್ಬನ್ ನಗರವನ್ನು ಹೆಣ್ಣಿನ ರೂಪದಲ್ಲಿ ಕೂರಿಸಿ ಕಿರೀಟ ಇಡ್ತಿದ್ದಾರೆ, ಅವಳ ಕಾಲ ಬುಡದಲ್ಲಿ ಇಬ್ಬರು ಸೆರೆಯಾಳುಗಳು, ಒಬ್ಬ ಆಫ್ರಿಕಾ, ಒಬ್ಬ ಏಷ್ಯಾ. ಟೂರಿಸ್ಟುಗಳು ಅದರ ಎದುರು ನಿಂತು ಸೆಲ್ಫಿ ತೆಗೀತಾರೆ. ನಾನು ಊರಿನವರನ್ನು ಕರ್ಕೊಂಡು ಹೋದ್ರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸ್ತೇನೆ, ಚಿನ್ನದ ರೇಕು ಎಷ್ಟು ಚಂದ ಅಂತ ಹೇಳಿ ಮುಗಿಸುವ ಜಾಗ ಅಲ್ಲ ಅದು.

ರಾಜನನ್ನು ಗುಂಡು ಹೊಡೆದು ಕೊಂದ ಗಾಡಿ ಕೂಡ ಅಲ್ಲೇ ಇಟ್ಟಿದ್ದಾರಂತೆ, ಹೌದಾ?

ಹೌದು. 1908ರ ಫೆಬ್ರವರಿ 1. ಕಾರ್ಲೊಸ್ ರಾಜ, ರಾಣಿ ಅಮೇಲಿಯಾ, ದೊಡ್ಡ ಮಗ ಲೂಯಿಸ್ ಫಿಲಿಪ್ ವಿಲಾ ವಿಸೋಸಾದ ಅರಮನೆಯಿಂದ ವಾಪಸ್ ಬಂದು ನದಿ ದಾಟಿ ಲಿಸ್ಬನ್ನಿನ ದೊಡ್ಡ ಚೌಕದಲ್ಲಿ ಇಳಿದ್ರು, ಚಿಕ್ಕ ಮಗ ಮನುಯೆಲ್ ಅಲ್ಲೇ ಬಂದು ಸೇರಿದ. ದೇಶದಲ್ಲಿ ಗಲಾಟೆ ಉಂಟು ಅಂತ ಗೊತ್ತಿದ್ರೂ ಮೇಲ್ಛಾವಣಿ ಮಡಚಿದ ತೆರೆದ ಗಾಡಿಯಲ್ಲೇ ಹೊರಟ್ರು. ಚೌಕ ದಾಟುವ ಮೊದಲೇ ಇಬ್ಬರು ಗುಂಡು ಹಾರಿಸಿದ್ರು. ರಾಜ ಅಲ್ಲೇ ಹೋದ, ದೊಡ್ಡ ಮಗ ಸ್ವಲ್ಪ ಹೊತ್ತಲ್ಲಿ ಹೋದ, ಮನುಯೆಲ್‌ನ ಕೈಗೆ ಗಾಯ. ರಾಣಿಯ ಕೈಯಲ್ಲಿ ಇದ್ದದ್ದು ಸ್ವಾಗತಕ್ಕೆ ಕೊಟ್ಟ ಹೂಗುಚ್ಛ ಮಾತ್ರ, ಗಾಡಿಯಲ್ಲಿ ಎದ್ದು ನಿಂತು ಅದರಲ್ಲೇ ಕೊಲೆಗಾರನಿಗೆ ಹೊಡೆದ್ರು.

ಗಾಡಿ ನೋಡ್ಲಿಕ್ಕೆ ಏನೂ ಇಲ್ಲ. ಚಿನ್ನ ಗಿನ್ನ ಇಲ್ಲ, ಪೇಟೆಯಲ್ಲಿ ಓಡಾಡುವ ಗಾಡಿ. ಹತ್ತಿರ ಹೋಗಿ ಬಾಗಿಲ ಬದಿ ನೋಡಿದ್ರೆ ಗುಂಡಿನ ತೂತು ಕಾಣ್ತದೆ. ಹಳೇ ಗಾಡಿ ಉಳಿಯಲಿ ಅಂತ ಮ್ಯೂಸಿಯಂ ಕಟ್ಟಿದ್ದು ಇದೇ ರಾಣಿ, ಅದಕ್ಕೆ ಮೂರು ವರ್ಷ ಕೂಡ ತುಂಬಿರಲಿಲ್ಲ.

ರಾಜಕುಮಾರಿಯರನ್ನು ಅದಲು ಬದಲು ಮಾಡಿದ ಗಾಡಿ ಅಂತ ಗೈಡು ಹೇಳಿದ. ಎಂತದು ಅದು?

ಬದಲು ಮದುವೆ ಗೊತ್ತುಂಟಲ್ಲ, ಈ ಮನೆಯ ಹೆಣ್ಣು ಆ ಮನೆಗೆ, ಆ ಮನೆಯದ್ದು ಈ ಮನೆಗೆ. 1729ರ ಜನವರಿಯಲ್ಲಿ ಪೋರ್ಚುಗಲ್‌ನ ಮರಿಯಾ ಬಾರ್ಬರಾ ಸ್ಪೇನ್‌ಗೂ, ಸ್ಪೇನ್‌ನ ಮರಿಯಾನಾ ವಿಕ್ಟೋರಿಯಾ ಪೋರ್ಚುಗಲ್‌ಗೂ ಹೋದ್ರು. ಯಾರ ನೆಲದಲ್ಲಿ ಕಾರ್ಯಕ್ರಮ ಅನ್ನೋ ಮರ್ಯಾದೆ ಪ್ರಶ್ನೆ ಬಾರದ ಹಾಗೆ ಗಡಿಯ ಕಾಯಾ ನದಿಯ ಮೇಲೆಯೇ ಸೇತುವೆಯಂಥ ಮಂಟಪ ಕಟ್ಟಿದ್ರು. ಆ ದಿಬ್ಬಣದ ಪ್ರಯಾಣಕ್ಕೆ ಬಳಸಿದ ಒಂದು ಕೋಚಿನ ಒಳಗೆ ನಡುವಲ್ಲಿ ಮೇಜು ಉಂಟು, ಹೋಗ್ತಾ ಹೋಗ್ತಾ ತಿಂಡಿ ತಿನ್ಲಿಕ್ಕೆ, ಇಸ್ಪೀಟು ಆಡ್ಲಿಕ್ಕೆ. ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಗಡಿಯ ಮರ್ಯಾದೆ ಪ್ರಶ್ನೆ ಬೇಗ ಅರ್ಥ ಆಗ್ತದೆ ಬಿಡಿ.

ಲಂಡನ್ನು, ವಿಯೆನ್ನಾ ಎಲ್ಲ ನೋಡಿದವರು ಅದೇ ದೊಡ್ಡದು ಅಂತಾರೆ. ಲಿಸ್ಬನ್ನಿನದ್ದಕ್ಕೆ ಎಂತ ವಿಶೇಷ?

ಲಂಡನ್ನಿನದ್ದು ಮ್ಯೂಸಿಯಂಗಿಂತ ಜಾಸ್ತಿ ಕೆಲಸ ಮಾಡುವ ಲಾಯ, ಗಾಡಿ ಈಗಲೂ ರಸ್ತೆಗೆ ಬರ್ತದೆ, 2023ರಲ್ಲಿ ಚಾರ್ಲ್ಸ್ ರಾಜ ಪಟ್ಟಾಭಿಷೇಕ ಮುಗಿಸಿ ಅರಮನೆಗೆ ವಾಪಸ್ ಹೋದದ್ದು ಆ 1762ರ ಚಿನ್ನದ ಗಾಡಿಯಲ್ಲೇ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ಸಂಗ್ರಹದಲ್ಲಿ ಚಕ್ರವರ್ತಿಯ ಮೆರವಣಿಗೆ ಗಾಡಿಯೂ ಉಂಟು, ಶವ ಸಾಗಿಸುವ ಕಪ್ಪು ಗಾಡಿಯೂ ಉಂಟು, ಕೊನೆಯ ಚಕ್ರವರ್ತಿನಿ ಜೀತಾ ತೀರಿಕೊಂಡಾಗ 1989ರಲ್ಲಿ ಅದನ್ನು ಹೊರಗೆ ತೆಗ್ದಿದ್ರು. ಲಿಸ್ಬನ್ನಿನ ಹೆಚ್ಚುಗಾರಿಕೆ ಹಳೇ ಕಾಲದ ಗಾಡಿಗಳು ಇಷ್ಟೊಂದು ಒಂದೇ ಕಡೆ ಇರೋದು, 17, 18ನೇ ಶತಮಾನದವು ವಿಶೇಷವಾಗಿ. ಬೇರೆ ಕಡೆ ಹೊಸ ಫ್ಯಾಶನ್ ಬಂದಾಗ ಹಳೇದನ್ನು ಮುರಿದ್ರು, ಮಾರಿದ್ರು, ಫ್ರಾನ್ಸಿನಲ್ಲಿ ಕ್ರಾಂತಿಗೆ ಸಿಕ್ಕಿ ಹೋದವು.

ಹಾಗಂತ ಇಲ್ಲಿ ಎಲ್ಲ ಮೂಲೆಯಲ್ಲಿ ನಿಂತೇ ಇತ್ತು ಅಂತಲ್ಲ. 1824ರಲ್ಲಿ ಲಂಡನ್ನಿನಲ್ಲಿ ಮಾಡಿಸಿದ ಕಿರೀಟದ ಗಾಡಿ ಒಂದುಂಟು, 1957ರಲ್ಲಿ ಎಲಿಜಬೆತ್ ರಾಣಿ ಲಿಸ್ಬನ್‌ಗೆ ಬಂದಾಗ ಅದನ್ನೇ ಹೊರಗೆ ತೆಗ್ದು ಕೂರಿಸಿದ್ರು.

ಅಷ್ಟು ದೂರ ಬರ್ಲಿಕ್ಕೆ ಆಗೋದಿಲ್ಲ. ಕಾಸರಗೋಡಿಂದ ಹೋಗುವ ಹಾಗೆ ಹತ್ತಿರ ಎಲ್ಲಿ ಉಂಟು?

ಮೈಸೂರೇ. ಸುಳ್ಯ, ಮಡಿಕೇರಿ ದಾರಿಯಲ್ಲಿ ಹೋದ್ರೆ ಅರಮನೆಯಲ್ಲಿ ಅಂಬಾರಿ ಉಂಟು. ರೈಲ್ವೆ ಮ್ಯೂಸಿಯಂ ತಪ್ಪಿಸ್ಬೇಡಿ, ಅಲ್ಲಿ 1899ರ ಮಹಾರಾಣಿ ಸಲೂನ್ ಬೋಗಿ ಉಂಟು, ಅಡುಗೆಮನೆ ಸಮೇತ, ಕುದುರೆ ಸಾರೋಟಿನ ಠೀವಿ ರೈಲಿನ ಚಕ್ರಕ್ಕೆ ಹೇಗೆ ವರ್ಗ ಆಯ್ತು ಅಂತ ಅಲ್ಲಿ ಚೆನ್ನಾಗಿ ಕಾಣ್ತದೆ. ಧರ್ಮಸ್ಥಳಕ್ಕೆ ಹೇಗೂ ಹೋಗ್ತೀರಿ, ಮಂಜೂಷಾ ಮ್ಯೂಸಿಯಂನಲ್ಲಿ ಹಳೇ ರಥ, ಹಳೇ ಕಾರು ಎರಡೂ ಉಂಟು. ಉತ್ತರದ ಕಡೆ ಟೂರು ಹೋಗುವವರು ಜೈಪುರದ ಸಿಟಿ ಪ್ಯಾಲೇಸಿನ ಬಗ್ಗಿಖಾನೆ, ಅಂದ್ರೆ ರಾಜರ ಕುದುರೆಗಾಡಿ ಇಟ್ಟ ಜಾಗ, ನೋಡಿ.

ದೆಹಲಿಯ ರಾಷ್ಟ್ರಪತಿಗಳ ಬಗ್ಗಿ ಜನವರಿ 26ಕ್ಕೆ ಟೀವಿಯಲ್ಲೇ ಕಾಣ್ತದೆ. ವೈಸ್‌ರಾಯ್ ಕಾಲದ್ದು ಅದು, ದೇಶ ಭಾಗ ಆಗುವಾಗ ಭಾರತಕ್ಕಾ ಪಾಕಿಸ್ತಾನಕ್ಕಾ ಅಂತ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದ್ರು ಅಂತ ಹೇಳ್ತಾರೆ. 1984ರ ನಂತರ ಭದ್ರತೆ ಕಾರಣಕ್ಕೆ ಮೂಲೆ ಸೇರಿತ್ತು, 2014ರಲ್ಲಿ ಪ್ರಣಬ್ ಮುಖರ್ಜಿ ಬೀಟಿಂಗ್ ರಿಟ್ರೀಟ್‌ಗೆ ಮತ್ತೆ ಹೊರಗೆ ತೆಗ್ದ್ರು, 2024ರ ಗಣರಾಜ್ಯೋತ್ಸವಕ್ಕೆ ದ್ರೌಪದಿ ಮುರ್ಮು ಫ್ರಾನ್ಸಿನ ಮ್ಯಾಕ್ರೋನ್ ಜೊತೆ ಅದರಲ್ಲಿ ಬಂದ್ರು.

ನಮ್ಮ ತರವಾಡು ಮನೆಯಲ್ಲಿ ಹಳೇ ಪಲ್ಲಕ್ಕಿ ಉಂಟು, ಅಟ್ಟದಲ್ಲಿ ಬಿದ್ದಿದೆ. ಮ್ಯೂಸಿಯಂನವರು ಹೇಗೆ ಇಡ್ತಾರೆ? ನಾವು ಪೈಂಟ್ ಹೊಡೀಬಹುದಾ?

ಪೈಂಟ್ ಮಾತ್ರ ಬೇಡ. ದಯವಿಟ್ಟು ಬೇಡ. ವಾರ್ನಿಶ್ ಕೂಡ ಬೇಡ. ಹಳೇ ಬಣ್ಣದ ಅಂಚು, ಸವೆದ ಜಾಗ, ಯಾರ ಹೆಗಲು ತಾಗಿ ನುಣುಪಾದ ತೊಲೆ, ಅದೆಲ್ಲ ಒಂದು ಡಬ್ಬಿ ಎನಾಮೆಲ್‌ನಲ್ಲಿ ಅಳಿಸಿ ಹೋಗ್ತದೆ, ಮತ್ತೆ ಬರೋದಿಲ್ಲ.

ಇಂಥ ಸಾಮಾನಿಗೆ ಶತ್ರು ಅಂದ್ರೆ ತೇವ, ಬೆಳಕು, ಹುಳ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ತದೆ, ಮೇಲಿನ ಚಿನ್ನದ ರೇಕು, ಬಣ್ಣ ಅದರ ಜೊತೆ ಉಬ್ಬಿ ಕುಗ್ಗೋದಿಲ್ಲ, ಹಾಗಾಗಿ ಸಿಪ್ಪೆ ಏಳ್ತದೆ. ಚರ್ಮ ಒಣಗಿ ಬಿರಿತದೆ, ರೇಷ್ಮೆ ಬೆಳಕಿಗೆ ಬಣ್ಣ ಬಿಟ್ಟು ಹರಿತದೆ. ಮ್ಯೂಸಿಯಂನಲ್ಲಿ ಗಾಳಿಯ ತೇವ ವರ್ಷ ಪೂರ್ತಿ ಒಂದೇ ಮಟ್ಟದಲ್ಲಿ ಇಡ್ಲಿಕ್ಕೆ ಮೆಶಿನ್ ಉಂಟು, ಹುಳ ಬಿದ್ರೆ ಸಾಮಾನನ್ನು ಗಾಳಿಯಾಡದ ಹಾಗೆ ಮುಚ್ಚಿ ಆಮ್ಲಜನಕ ತೆಗ್ದು ಹುಳ ಸಾಯಿಸುವ ವಿಧಾನ ಉಂಟು. ನಮ್ಮ ಮನೆಯಲ್ಲಿ ಅದೆಲ್ಲ ಆಗೋ ಮಾತಲ್ಲ, ಆಗುವಂಥದ್ದು ಹೇಳ್ತೇನೆ. ನೆಲಕ್ಕೆ, ಗೋಡೆಗೆ ತಾಗದ ಹಾಗೆ ಮರದ ಹಲಗೆ ಮೇಲೆ ಇಡಿ. ಪ್ಲಾಸ್ಟಿಕ್ ಶೀಟಲ್ಲಿ ಸುತ್ತಿ ಕಟ್ಟಬೇಡಿ, ಒಳಗೆ ತೇವ ಸಿಕ್ಕಿ ಬೂಷ್ಟು ಹಿಡೀತದೆ, ಹಳೇ ಹತ್ತಿ ಸೀರೆ ಅಥವಾ ಪಂಚೆ ಹೊದೆಸಿ. ಮಳೆಗಾಲ ಮುಗಿದ ಮೇಲೆ ನೆರಳಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಇಡ್ಬೇಡಿ. ಅಡಿಯಲ್ಲಿ ಸಣ್ಣ ಮರದ ಹುಡಿ ಬಿದ್ದಿದ್ಯಾ ಅಂತ ನೋಡ್ತಾ ಇರಿ, ಬಿದ್ದಿದ್ರೆ ಹುಳ ಕೆಲಸ ಮಾಡ್ತಾ ಉಂಟು ಅಂತ ಅರ್ಥ, ಬೇರೆ ಮರದ ಸಾಮಾನಿಂದ ದೂರ ಮಾಡಿ. ಚಕ್ರದ ಗಾಡಿ ಆದ್ರೆ ಅಚ್ಚಿನ ಅಡಿಗೆ ದಿಮ್ಮಿ ಕೊಟ್ಟು ಭಾರ ಚಕ್ರದ ಮೇಲೆ ಬೀಳದ ಹಾಗೆ ಮಾಡಿ, ವರ್ಷಗಟ್ಟಲೆ ಒಂದೇ ಕಡೆ ನಿಂತ ಚಕ್ರ ಕೆಳಗೆ ಚಪ್ಪಟೆ ಆಗ್ತದೆ.

ಮತ್ತೆ ಇದೆಲ್ಲಕ್ಕಿಂತ ಮೊದಲು ನಾಲ್ಕೂ ಬದಿಯ ಫೋಟೋ ತೆಗೀರಿ, ಅಡಿಯದ್ದೂ ಸೇರಿಸಿ, ಯಾರ ಕಾಲದ್ದು, ಯಾವ ಮದುವೆಗೆ, ಯಾರು ಹೊತ್ತದ್ದು ಅಂತ ಮನೆಯ ಹಿರಿಯರಿಗೆ ಎಷ್ಟು ನೆನಪುಂಟೋ ಅಷ್ಟನ್ನೂ ಬರ್ಕೊಳ್ಳಿ. ಕೂತವರ ಹೆಸರು ಎಲ್ಲರೂ ಹೇಳ್ತಾರೆ, ಹೊತ್ತವರ ಹೆಸರನ್ನು ಕೇಳಿ ಬರ್ಕೊಳ್ಳಿ. ಆ ಫೋಟೋ ನನಗೂ ಒಂದು ಕಳಿಸಿ.